ಗೋಡೆಯ ಮೇಲೆ ಬರೆದ ನಿಯಮ: ಉತ್ತರಮೇರೂರಿನ ಸಭಾಮಂಟಪ
(ಶಾಲೆಯ ಶತಮಾನೋತ್ಸವ ಸಭಾಭವನದ ಶಂಕುಸ್ಥಾಪನೆಯ ದಿನ ಮಾಡಿದ ಭಾಷಣ)



ಶಾಲೆಗೆ ನೂರು ವರ್ಷ ತುಂಬಿದ ನೆನಪಿಗೆ ಒಂದು ಸಭಾಭವನವನ್ನು ಕಟ್ಟಬೇಕೆಂದು ತಾವೆಲ್ಲರೂ ಸಂಕಲ್ಪಿಸಿದ್ದೀರಿ. ಅದರ ಮೊದಲ ಕಲ್ಲನ್ನು ಈಗತಾನೇ ಇಟ್ಟಾಯಿತು. ಈ ದಿನಕ್ಕೆ ತಕ್ಕ ವಿಷಯವೊಂದನ್ನು ಆರಿಸಿಕೊಂಡು ಮಾತನಾಡಬೇಕೆಂದು ಮುಖ್ಯೋಪಾಧ್ಯಾಯರು ನನಗೆ ಅಪ್ಪಣೆ ಮಾಡಿದರು. ಇತಿಹಾಸದ ಪಾಠ ಹೇಳುತ್ತಲೇ ಆಯುಷ್ಯದ ಹೆಚ್ಚಿನ ಭಾಗವನ್ನು ಕಳೆದವನು ನಾನು. ಹೊಸ ಕಟ್ಟಡವೆಂದೊಡನೆ ನನಗೆ ನೆನಪಾಗುವುದು ಹಳೆಯ ಕಟ್ಟಡವೇ. ಆದುದರಿಂದ ನಾವು ಬಾಳುತ್ತಿರುವ ಈ ತಮಿಳುನಾಡಿನಲ್ಲಿಯೇ ಇರುವ, ಸಾವಿರದ ನೂರು ವರ್ಷಗಳಷ್ಟು ಹಳೆಯದಾದ ಒಂದು ಸಭಾಮಂಟಪದ ವಿಚಾರವನ್ನು ತಮ್ಮ ಮುಂದೆ ಇಡುತ್ತೇನೆ. ಅದನ್ನು ಕಟ್ಟಿದವರಿಂದ ನಾವು ಕಲಿಯಬೇಕಾದದ್ದು ಒಂದಿದೆ. ನಾವು ಅವರಂತೆ ಮಾಡಬಾರದುದೂ ಒಂದಿದೆ.

ಹೊಸೂರಿನಿಂದ ಕೃಷ್ಣಗಿರಿ, ವೇಲೂರುಗಳನ್ನು ದಾಟಿ ಕಾಂಚೀಪುರಕ್ಕೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರು ನಡೆದರೆ ಉತ್ತರಮೇರೂರು ಎಂಬ ಸಣ್ಣ ಪಟ್ಟಣ ಸಿಗುತ್ತದೆ. ಎಂಟನೆಯ ಶತಮಾನದಲ್ಲಿ ಪಲ್ಲವ ದೊರೆ ಎರಡನೆಯ ನಂದಿವರ್ಮನ ಕಾಲದಲ್ಲಿ ಹುಟ್ಟಿದ ಅಗ್ರಹಾರವಿದು. ಶಾಸನಗಳಲ್ಲಿ ಇದಕ್ಕೆ ಚತುರ್ವೇದಿಮಂಗಲವೆಂಬ ಹೆಸರು. ಊರಿನಲ್ಲಿ ಸುಂದರವರದ ಪೆರುಮಾಳ್ ದೇವಾಲಯವಿದೆ. ಒಂದರ ಮೇಲೊಂದರಂತೆ ಮೂರು ನೆಲೆಗಳಲ್ಲಿ ಗರ್ಭಗೃಹಗಳಿರುವ ಅಪರೂಪದ ರಚನೆ ಅದು. ಕೈಲಾಸನಾಥನ ಗುಡಿಯಿದೆ, ಸುಬ್ರಹ್ಮಣ್ಯನ ಗುಡಿಯಿದೆ. ಆದರೆ ಇತಿಹಾಸದ ಪುಸ್ತಕಗಳಲ್ಲಿ ಈ ಊರಿನ ಹೆಸರು ಉಳಿದಿರುವುದು ಇವುಗಳಿಂದಲ್ಲ. ವೈಕುಂಠ ಪೆರುಮಾಳ್ ಗುಡಿಯೆಂದು ಇಂದು ಕರೆಸಿಕೊಳ್ಳುವ ಚಿಕ್ಕ ಕಟ್ಟಡವೊಂದರಿಂದ.

ಈ ಕಟ್ಟಡವು ಗಾತ್ರದಿಂದ ಬೆರಗುಗೊಳಿಸುವಂಥದಲ್ಲ. ಮೊದಲು ಇದು ಊರಿನ ಮಹಾಸಭೆ ಕೂಡುತ್ತಿದ್ದ ಮಂಟಪವಾಗಿತ್ತೆಂದೂ ದೇವರ ಗುಡಿ ಇದಕ್ಕೆ ಆಮೇಲೆ ಸೇರಿಕೊಂಡಿತೆಂದೂ ವಿದ್ವಾಂಸರು ಹೇಳುತ್ತಾರೆ. ಕಣಶಿಲೆಯ ಕಟ್ಟು, ದ್ರಾವಿಡ ವಾಸ್ತುವಿನ ಪದ್ಧತಿಯಂತೆ ಕೆಳಗೆ ಅಧಿಷ್ಠಾನ, ಅದರ ಮೇಲೆ ಗೋಡೆ. ಅಧಿಷ್ಠಾನವೆಂದರೆ ಬರಿಯ ತಳಪಾಯವಲ್ಲ. ಉಪಾನ, ಜಗತಿ, ಕುಮುದ, ಕಂಠ, ಪಟ್ಟಿಕೆ ಎಂದು ಒಂದರ ಮೇಲೊಂದು ಕೂರುವ ಕಲ್ಲಿನ ಅಡ್ಡಪಟ್ಟಿಗಳಿಂದಾದ ಪೀಠ ಅದು. ಲಕ್ಕುಂಡಿಯಲ್ಲಿಯೋ ಹಳೇಬೀಡಿನಲ್ಲಿಯೋ ಶಿಲ್ಪಿಗಳಿಗೆ ಮೆದುವಾದ ಬಳಪದ ಕಲ್ಲು ದೊರೆತಿತ್ತು. ಅವರು ಪಟ್ಟಿಕೆಗಳಲ್ಲಿ ಆನೆ, ಕುದುರೆ, ಬಳ್ಳಿಗಳನ್ನು ತುಂಬಿದರು. ಇಲ್ಲಿಯ ಕಣಶಿಲೆ ಅಂಥ ಕುಸುರಿಗೆ ಸುಲಭವಾಗಿ ಒಗ್ಗುವುದಿಲ್ಲ. ಉತ್ತರಮೇರೂರಿನವರು ಆ ಗಟ್ಟಿ ಕಲ್ಲಿನ ಮೇಲೆ ಅಕ್ಷರಗಳನ್ನು ತುಂಬಿದರು. ಊರಿನ ಗುಡಿಗಳೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೂರರಷ್ಟು ಶಾಸನಗಳಿವೆ.

ಇಲ್ಲೊಂದು ವ್ಯತ್ಯಾಸವನ್ನು ನಮ್ಮ ಮಕ್ಕಳು ಗಮನಿಸಬೇಕು. ಕನ್ನಡನಾಡಿನಲ್ಲಿ ಶಾಸನಕ್ಕೆ ಸಾಮಾನ್ಯವಾಗಿ ಬೇರೆಯೇ ಒಂದು ಕಲ್ಲು. ತಲೆಯ ಮೇಲೆ ಸೂರ್ಯಚಂದ್ರರನ್ನು ಹೊತ್ತು ಗುಡಿಯ ಮುಂದೆಯೋ ಕೆರೆಯ ಏರಿಯ ಮೇಲೆಯೋ ಅದು ನಿಂತಿರುತ್ತದೆ. ತಮಿಳುನಾಡಿನಲ್ಲಿ ಹೆಚ್ಚಾಗಿ ಕಟ್ಟಡದ ಗೋಡೆಯೇ ಶಾಸನದ ಕಲ್ಲು. ಅಲ್ಲಿ ಗುಡಿಯ ಗೋಡೆಯೇ ಊರಿನ ದಫ್ತರ. ಆ ದಫ್ತರವನ್ನು ಎಷ್ಟು ಜತನದಿಂದ ಕಾಪಾಡುತ್ತಿದ್ದರೆಂಬುದಕ್ಕೆ ತಿರುಮಳವಾಡಿಯ ಗುಡಿ ಸಾಕ್ಷಿ. ಒಂದನೆಯ ರಾಜರಾಜ ಚೋಳನ ಕಾಲದಲ್ಲಿ ಅದನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕಾಗಿ ಬಂದಾಗ, ಹಳೆಯ ಗೋಡೆಯ ಶಾಸನಗಳನ್ನೆಲ್ಲ ಮೊದಲು ಪುಸ್ತಕಕ್ಕೆ ನಕಲು ಮಾಡಬೇಕೆಂದು ಆಜ್ಞೆಯಾಯಿತು. ಹೊಸ ಗೋಡೆ ಎದ್ದ ಮೇಲೆ, ಅವನ ಮಗ ರಾಜೇಂದ್ರನ ಕಾಲದಲ್ಲಿ, ಅವನ್ನು ಮತ್ತೆ ಕಲ್ಲಿಗೆ ಇಳಿಸಿದರು. ಗೋಡೆ ಹೋದರೂ ಮಾತು ಹೋಗಬಾರದೆಂಬುದು ಅವರ ಕಾಳಜಿಯಾಗಿತ್ತು.

ಇನ್ನು ಉತ್ತರಮೇರೂರಿನ ಗೋಡೆ ಹೇಳುವುದೇನೆಂಬುದನ್ನು ನೋಡೋಣ. 1898ರಲ್ಲಿ ಶಾಸನ ಇಲಾಖೆಯವರು ಇದರ ಪಡಿಯಚ್ಚು ತೆಗೆದರು. ಒಂದನೆಯ ಪರಾಂತಕ ಚೋಳನ ಆಳ್ವಿಕೆಯ 12ನೆಯ ಮತ್ತು 14ನೆಯ ವರ್ಷಗಳಿಗೆ, ಎಂದರೆ ಕ್ರಿ.ಶ. 919 ಮತ್ತು 921ಕ್ಕೆ ಸೇರಿದ ಎರಡು ಶಾಸನಗಳು ವಿಶೇಷವಾದವು. ಇವೆರಡೂ ಅರಸನ ದಾನಪತ್ರಗಳಲ್ಲ, ಯುದ್ಧವಿಜಯದ ವರ್ಣನೆಗಳೂ ಅಲ್ಲ. ಊರಿನ ಸಭೆ ತನಗೆ ತಾನೇ ಹಾಕಿಕೊಂಡ ಕಟ್ಟಳೆಗಳು. ಅರಸನ ಅಧಿಕಾರಿಯೊಬ್ಬನ ಸಮ್ಮುಖದಲ್ಲಿ ಸಭೆ ಕೂಡಿ ಇವನ್ನು ಒಪ್ಪಿತು.

ಕಟ್ಟಳೆಯ ಸಾರ ಇಷ್ಟು. ಊರಿಗೆ 30 ಕುಡುಂಬುಗಳು, ನಾವು ಕೇರಿಗಳೆನ್ನಬಹುದು. ಪ್ರತಿ ಕುಡುಂಬಿನಲ್ಲಿಯೂ ಅರ್ಹರ ಹೆಸರುಗಳನ್ನು ಓಲೆಗಳ ಮೇಲೆ ಬರೆದು ಕಟ್ಟು ಕಟ್ಟಬೇಕು. ಆ 30 ಕಟ್ಟುಗಳನ್ನು ಒಂದು ಕೊಡಕ್ಕೆ ಹಾಕಬೇಕು. ತಮಿಳರು ಈ ಪದ್ಧತಿಯನ್ನು 'ಕುಡವೋಲೈ' ಎಂದು ಕರೆಯುತ್ತಾರೆ. ಅರ್ಥಕ್ಕೆ ನಾವು ನಿಘಂಟನ್ನು ತೆರೆಯಬೇಕಾಗಿಲ್ಲ: ಕೊಡದ ಓಲೆ. ಆಮೇಲೆ ಎಳೆಯರೂ ಹಿರಿಯರೂ ಸೇರಿದ ಪೂರ್ಣ ಸಭೆಯನ್ನು ಕರೆಯಬೇಕು. ಆ ದಿನ ಊರಿನಲ್ಲಿರುವ ಅರ್ಚಕರೆಲ್ಲರೂ ಸಭೆ ಸೇರುವ ಒಳಮಂಟಪದಲ್ಲಿ ಕುಳಿತಿರಬೇಕು. ಇದು ಶಾಸನವೇ ಹೇಳುವ ಮಾತು. ಕಟ್ಟಡವು ತನ್ನ ಉಪಯೋಗವನ್ನು ತಾನೇ ಬರೆದಿಟ್ಟುಕೊಂಡಂತಿದೆ. ಅರ್ಚಕರಲ್ಲಿ ಹಿರಿಯರಾದವರು ಎದ್ದು ಎಲ್ಲರಿಗೂ ಕಾಣುವಂತೆ ಆ ಕೊಡವನ್ನು ಎತ್ತಿ ಹಿಡಿಯಬೇಕು. ಒಳಗಿನದೇನೂ ತಿಳಿಯದ ಒಬ್ಬ ಬಾಲಕ ಒಂದು ಕಟ್ಟನ್ನು ತೆಗೆಯಬೇಕು. ಅದನ್ನು ಬಿಚ್ಚಿ ಇನ್ನೊಂದು ಬರಿದಾದ ಕೊಡಕ್ಕೆ ಹಾಕಿ, ಕುಲುಕಿ, ಆ ಬಾಲಕನ ಕೈಯಿಂದಲೇ ಒಂದು ಓಲೆಯನ್ನು ತೆಗೆಸಬೇಕು. ಮಧ್ಯಸ್ಥನು ಐದು ಬೆರಳುಗಳನ್ನೂ ಬಿಡಿಸಿದ ಅಂಗೈಯಲ್ಲಿ ಅದನ್ನು ಪಡೆದು ಗಟ್ಟಿಯಾಗಿ ಓದಬೇಕು. ಕುಳಿತ ಅರ್ಚಕರೆಲ್ಲರೂ ಅದನ್ನು ಮತ್ತೆ ಓದಬೇಕು. ಕೈಚಳಕಕ್ಕೆ ಎಲ್ಲೆಲ್ಲಿ ಎಡೆಯಿರಬಹುದೋ ಅಲ್ಲೆಲ್ಲ ಒಂದೊಂದು ತಡೆಯನ್ನು ಅವರು ಯೋಚಿಸಿ ಇಟ್ಟಿದ್ದಾರೆ.

ಹೀಗೆ ಆಯ್ದ ಮೂವತ್ತು ಮಂದಿಯಲ್ಲಿ ವಯಸ್ಸಿನಲ್ಲಿಯೂ ವಿದ್ಯೆಯಲ್ಲಿಯೂ ಹಿರಿಯರಾದ, ಹಿಂದೆ ತೋಟದ ಮತ್ತು ಕೆರೆಯ ಸಮಿತಿಗಳಲ್ಲಿ ದುಡಿದ 12 ಮಂದಿ ಸಂವತ್ಸರ ಸಮಿತಿಗೆ. 12 ಮಂದಿ ತೋಟದ ಸಮಿತಿಗೆ. ಉಳಿದ 6 ಮಂದಿ ಕೆರೆಯ ಸಮಿತಿಗೆ. ಹೊನ್ನಿನ ಪರೀಕ್ಷೆಯೇ ಮೊದಲಾದ ಕೆಲಸಗಳ ಸಮಿತಿಗಳಿಗೆ ಬೇರೆಯಾಗಿ ಓಲೆ ಎತ್ತುತ್ತಿದ್ದರು. ಅಧಿಕಾರದ ಅವಧಿ 360 ದಿನ. ಅಷ್ಟಾದ ಮೇಲೆ ಇಳಿಯಲೇಬೇಕು. ನಡುವೆ ಅಪರಾಧ ಮಾಡಿದವನು ಒಡನೆಯೇ ಹೊರಗೆ.

ಕೆರೆಯ ಸಮಿತಿಯ ಹೆಸರು 'ಏರಿ ವಾರಿಯಂ'. ಎರಡು ನುಡಿಗಳ ನಡುವೆ ಬೆಳೆದ ನಮಗೆ ಈ ಮಾತಿನಲ್ಲೊಂದು ಸೊಗಸು ಕಾಣುತ್ತದೆ. ನಮಗೆ ಏರಿಯೆಂದರೆ ನೀರನ್ನು ತಡೆಯುವ ದಂಡೆ, ಕೆರೆಯೆಂದರೆ ನೀರಿರುವ ಜಾಗ. ನೆರೆಮನೆಯ ತಮಿಳರಿಗೆ ಏರಿಯೇ ನೀರಿರುವ ಜಾಗ, ಕರೈ ಎಂದರೆ ದಂಡೆ. ಮಾತುಗಳು ಅತ್ತಿಂದಿತ್ತ ಸ್ಥಾನ ಬದಲಿಸಿದ್ದರೂ ಎರಡೂ ಕಡೆಯವರು ಕಾಯ್ದದ್ದು ಅದೇ ನೀರನ್ನು, ಅದೇ ಮಣ್ಣಿನ ಕಟ್ಟೆಯನ್ನು. ಉತ್ತರಮೇರೂರಿನ ದೊಡ್ಡ ಕೆರೆಗೆ ವೈರಮೇಘ ತಟಾಕವೆಂದು ಹೆಸರು. ಪಲ್ಲವ ದಂತಿವರ್ಮನ ಬಿರುದಿನಿಂದ ಬಂದದ್ದು. ಅದರ ಹೂಳೆತ್ತಿಸಲು ಹೊನ್ನನ್ನು ದತ್ತಿಯಾಗಿ ಇಟ್ಟವರ ಶಾಸನಗಳೂ ಆ ಊರಿನಲ್ಲಿವೆ. ಸಭಾಮಂಟಪವನ್ನು ಕೆರೆಯಿಂದ ಬೇರ್ಪಡಿಸಿ ನೋಡಬಾರದು. ಮಳೆಗಾಲಕ್ಕೆ ಮುಂಚೆ ಹೂಳೆತ್ತುವವರು ಯಾರು, ತೂಬು ತೆರೆಯುವವರು ಯಾರು, ಆ ಹಣದ ಲೆಕ್ಕ ಯಾರ ಕೈಯಲ್ಲಿ ಎಂಬಂಥ ಪ್ರಶ್ನೆಗಳಿಗಾಗಿಯೇ ಜನ ಮಂಟಪದಲ್ಲಿ ಕೂಡುತ್ತಿದ್ದರು.

ಈಗ ನಾನು ಮುಖ್ಯವೆಂದುಕೊಂಡ ಮಾತಿಗೆ ಬರುತ್ತೇನೆ. ಸಮಿತಿಗೆ ಯಾರು ಬರಕೂಡದೆಂಬ ಪಟ್ಟಿಯಲ್ಲಿ ಮೊದಲು ಬರುವವನು ಲೆಕ್ಕ ಒಪ್ಪಿಸದವನು. ಹಿಂದೆ ಯಾವುದಾದರೂ ಸಮಿತಿಯಲ್ಲಿದ್ದು ಲೆಕ್ಕ ಕೊಡದೆ ಹೋದವನ ಹೆಸರನ್ನು ಓಲೆಗೆ ಬರೆಯಲೇಬಾರದು. ಅಲ್ಲಿಗೇ ಮುಗಿಯುವುದಿಲ್ಲ. ಅವನ ತಂದೆ, ಮಗ, ಒಡಹುಟ್ಟಿದವರು, ಸೋದರಮಾವ, ಹೆಣ್ಣು ಕೊಟ್ಟ ಮಾವ, ಹೆಂಡತಿಯ ಸೋದರ, ಅಕ್ಕತಂಗಿಯರ ಗಂಡಂದಿರು, ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳು ಎಂದು ಶಾಸನ ಒಂದೊಂದೇ ನಂಟನ್ನು ಎಣಿಸಿ ಬಾಗಿಲು ಮುಚ್ಚುತ್ತದೆ. ಸಣ್ಣ ಊರಿನಲ್ಲಿ ಸಾರ್ವಜನಿಕ ಹಣ ಯಾವ ದಾರಿಯಿಂದ ಸೋರುತ್ತದೆಂಬುದನ್ನು ಬಲ್ಲವರು ಬರೆದ ಪಟ್ಟಿ ಇದು. ಕಳೆದ ಮೂರು ವರ್ಷಗಳಲ್ಲಿ ಸಮಿತಿಯಲ್ಲಿ ಇದ್ದವರಿಗೂ ಮತ್ತೆ ಅವಕಾಶವಿಲ್ಲ. ಊರಿನ ಕೆಲಸ ಒಂದು ಮನೆತನದ ಆಸ್ತಿಯಾಗಬಾರದೆಂಬುದು ಇದರ ಆಶಯ.

ಎರಡು ವರ್ಷಗಳ ಅಂತರದಲ್ಲಿ ಎರಡು ಶಾಸನಗಳೇಕೆ? ಮೊದಲನೆಯದರಲ್ಲಿ ವಯಸ್ಸಿನ ಮಿತಿ 30ರಿಂದ 60. ಎರಡನೆಯದರಲ್ಲಿ 35ರಿಂದ 70. ಅನರ್ಹತೆಯ ಪಟ್ಟಿಯೂ ಎರಡನೆಯದರಲ್ಲಿ ವಿಸ್ತಾರವಾಗಿದೆ. ಮೊದಲ ಕಟ್ಟಳೆ ಸಾಲದೆಂದು ಕಂಡಿರಬೇಕು. ಅದನ್ನು ಅವರು ಅಳಿಸಲಿಲ್ಲ. ಹಳೆಯದನ್ನೂ ಉಳಿಸಿ, ತಿದ್ದಿದ್ದನ್ನೂ ಕೆತ್ತಿಸಿದರು. ತಾವು ತಪ್ಪಿದೆವು, ಈಗ ಹೀಗೆ ತಿದ್ದಿಕೊಂಡೆವು ಎಂಬುದನ್ನು ಮುಚ್ಚಿಡದ ಸಭೆಗಳು ಎಂದಿಗೂ ವಿರಳ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ತಮಗೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಆ ಸಭೆ ಊರಿನ ಎಲ್ಲರ ಸಭೆಯಾಗಿರಲಿಲ್ಲ. ಅದು ಅಗ್ರಹಾರದ ಬ್ರಾಹ್ಮಣರ ಸಭೆ. ಕಾಲು ವೇಲಿಗಿಂತ ಹೆಚ್ಚು ತೆರಿಗೆ ಕಟ್ಟುವ ಭೂಮಿ, ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆ, ವೇದವಿದ್ಯೆ ಇವೆಲ್ಲ ಇದ್ದವರಿಗೆ ಮಾತ್ರ ಓಲೆ. ವಿದ್ಯೆ ಇನ್ನಷ್ಟಿದ್ದವರಿಗೆ ಭೂಮಿಯ ವಿಷಯದಲ್ಲಿ ರಿಯಾಯಿತಿಯಿತ್ತು, ಅಷ್ಟೆ. ಹೂಳನ್ನು ಹೊತ್ತವರ, ತೋಟದಲ್ಲಿ ದುಡಿದವರ, ಮಂಟಪದ ಕಲ್ಲನ್ನು ಒಡೆದವರ ಹೆಸರು ಆ ಕೊಡದೊಳಕ್ಕೆ ಬೀಳಲಿಲ್ಲ. ಹೆಣ್ಣುಮಕ್ಕಳ ಹೆಸರೂ ಬೀಳಲಿಲ್ಲ. ಹಳೆಯ ಹಳ್ಳಿಯನ್ನು ಪ್ರಜಾಪ್ರಭುತ್ವದ ತವರೆಂದು ಹೊಗಳುವವರ ಬಗ್ಗೆ ಡಾ. ಅಂಬೇಡ್ಕರ್ ಅವರು 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಕಟುವಾಗಿ ಮಾತನಾಡಿದುದಕ್ಕೆ ಕಾರಣ ಇಂಥದೇ. ನಿಯಮದ ನಿಷ್ಠುರತೆಯನ್ನು ನಾವು ಉತ್ತರಮೇರೂರಿನಿಂದ ಕಲಿಯಬೇಕು, ಬಾಗಿಲಿನ ಅಗಲವನ್ನಲ್ಲ.

ಕನ್ನಡದ ಕಡೆಯೂ ಇಂಥ ಸಭೆಗಳ ನೆನಪು ಆಳವಾಗಿದೆ. ಪುಲಿಗೆರೆ, ಎಂದರೆ ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಸುಮಾರು 725ರ ಒಂದು ಶಾಸನ ದೊರೆತಿದೆ. ಬಾದಾಮಿಯ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಆ ಪಟ್ಟಣದ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆ ಅದು. ರಾಜಪುರುಷರು ಏನನ್ನು ಕಾಯಬೇಕು, ಯಾವ ಒಕ್ಕಲು ತನ್ನ ಶಕ್ತಿಗೆ ತಕ್ಕಂತೆ ಎಷ್ಟು ಪಣ ತೆರಬೇಕು ಎಂಬುದೆಲ್ಲ ಹಳಗನ್ನಡದಲ್ಲಿ ದಾಖಲಾಗಿದೆ. ಉತ್ತರಮೇರೂರಿನ ಕಟ್ಟಳೆಗಿಂತ ಎರಡು ಶತಮಾನ ಹಿಂದಿನದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕೂಡಿದರು. ಅಲ್ಲಿ ಅಂಬಿಗರ ಚೌಡಯ್ಯನೂ ಮಡಿವಾಳ ಮಾಚಯ್ಯನೂ ಅಕ್ಕಮಹಾದೇವಿಯೂ ನುಡಿದರು. ಆ ಕೂಟದ ಗೋಡೆ ಉಳಿಯಲಿಲ್ಲ, ವಚನಗಳು ಉಳಿದವು. ಉತ್ತರಮೇರೂರಿನಲ್ಲಿ ಗೋಡೆ ಉಳಿಯಿತು, ಬಾಗಿಲು ಕಿರಿದಾಗಿತ್ತು. ಕಲ್ಯಾಣದಲ್ಲಿ ಬಾಗಿಲು ಅಗಲವಾಗಿತ್ತು, ಕಟ್ಟಡ ನಿಲ್ಲಲಿಲ್ಲ. ಈ ಎರಡು ಪರಂಪರೆಗಳ ಸಂಗಮದಲ್ಲಿ ನಾವು ನಿಂತಿದ್ದೇವೆ. ಕೋಲಾರದ ಸೀಮೆಯಲ್ಲಿ ತಮಿಳು ಶಾಸನಗಳಿವೆ, ಧರ್ಮಪುರಿಯಲ್ಲಿ ನೊಳಂಬರ ಕನ್ನಡ ಶಾಸನಗಳಿವೆ. ಗಡಿಯ ಗೆರೆಯನ್ನು ಎಳೆದವರಿಗಿಂತ ಮುಂಚೆಯೇ ಕಲ್ಲುಗಳು ಎರಡೂ ನುಡಿಯನ್ನು ಕಲಿತಿದ್ದವು.

ಮಹನೀಯರೆ, ಈಗ ನಮ್ಮ ಭವನಕ್ಕೆ ಬರೋಣ. ನಾನು ಸಭೆಯನ್ನು ನೋಯಿಸಲು ಬಂದವನಲ್ಲ. ಆದರೆ ಈ ಶಾಲೆಯ ಉಪ್ಪು ತಿಂದವನಾದ್ದರಿಂದ ನನಗೆ ತೋಚಿದ್ದನ್ನು ಹೇಳದೆ ಹೋಗಲಾರೆ. ಭವನದ ನಕ್ಷೆಯನ್ನು ನನಗೆ ತೋರಿಸಿದರು. ಬಾಗಿಲಿನ ಎರಡೂ ಪಕ್ಕಗಳಲ್ಲಿ ಅಮೃತಶಿಲೆಯ ಫಲಕಗಳಿಗೆ ಸ್ಥಳ ಬಿಟ್ಟಿದ್ದಾರೆ. ದಾನಿಗಳ ಹೆಸರು ಬರೆಸುವುದಕ್ಕೆ. ಅದು ತಪ್ಪಲ್ಲ, ಕೊಟ್ಟವರನ್ನು ನೆನೆಯುವುದು ಸಂಸ್ಕಾರ. ಆದರೆ ಉತ್ತರಮೇರೂರಿನ ಗೋಡೆಯನ್ನು ನೋಡಿದ ಮೇಲೆ ನನ್ನದೊಂದು ಬಿನ್ನಹವಿದೆ. ಒಂದು ಪಕ್ಕದಲ್ಲಿ ದಾನಿಗಳ ಹೆಸರಿರಲಿ. ಇನ್ನೊಂದು ಪಕ್ಕದಲ್ಲಿ ಈ ಭವನವನ್ನು ನಡೆಸುವ ಸಮಿತಿಯ ನಿಯಮಗಳಿರಲಿ: ಎಷ್ಟು ವರ್ಷಕ್ಕೊಮ್ಮೆ ಸಮಿತಿ ಬದಲಾಗುತ್ತದೆ, ಯಾರು ಅದರಲ್ಲಿ ಇರಬಾರದು, ಲೆಕ್ಕವನ್ನು ಯಾವ ದಿನ ಯಾರ ಮುಂದೆ ಓದಲಾಗುತ್ತದೆ. ಅದರ ಕೆಳಗೆ ಒಂದು ಕರಿಹಲಗೆ ಇರಲಿ. ಪ್ರತಿ ವರ್ಷದ ಬಾಡಿಗೆಯ ಆದಾಯವನ್ನೂ ಖರ್ಚನ್ನೂ ಸೀಮೆಸುಣ್ಣದಲ್ಲಿ ಬರೆಯಲಿ. ಎಲ್ಲವೂ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಇರಲಿ. ನಮ್ಮ ಭವನದಲ್ಲಿ ನೆರೆಯವರ ಮನೆಯ ಮದುವೆಯೂ ನಡೆಯುತ್ತದೆ, ಊರಿನ ಸಭೆಯೂ ಸೇರುತ್ತದೆ. ಅವರಿಗೂ ಓದಲು ಬರಬೇಕು.

ಇದನ್ನು ಏಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ಭವನಗಳು ಬೇಗನೆ ಶಾಲೆಯನ್ನು ಮರೆಯುತ್ತವೆ. ಬಾಡಿಗೆ ಬರುವ ದಿನ ಪಾಠದ ದಿನಕ್ಕಿಂತ ದೊಡ್ಡದಾಗಿ ಕಾಣತೊಡಗುತ್ತದೆ. ಕನ್ನಡ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವುದು ನಮಗೆಲ್ಲರಿಗೂ ಗೊತ್ತಿರುವ ನೋವು. ಭವನದ ಆದಾಯ ಮೊದಲು ಯಾವ ಕೊಠಡಿಗೆ, ಯಾವ ಪುಸ್ತಕಕ್ಕೆ, ಯಾವ ಮಗುವಿನ ಬಸ್ಸಿನ ಖರ್ಚಿಗೆ ಹೋಗಬೇಕೆಂಬುದು ಗೋಡೆಯ ಮೇಲಿದ್ದರೆ, ನಮ್ಮ ನಂತರ ಬರುವವರು ಅದನ್ನು ಬದಲಿಸುವ ಮುನ್ನ ಒಮ್ಮೆ ಅದರ ಮುಂದೆ ನಿಲ್ಲಬೇಕಾಗುತ್ತದೆ.

ಇನ್ನೊಂದು ಬಿನ್ನಹ. ಹೊಸ ಭವನಕ್ಕಾಗಿ ಹಳೆಯ ಹೆಂಚಿನ ಕೊಠಡಿಗಳನ್ನು ಇಳಿಸುವರೆಂದು ಕೇಳಿದೆ. ತಿರುಮಳವಾಡಿಯವರನ್ನು ನೆನೆಯೋಣ. ಇಳಿಸುವ ಮೊದಲು ಆ ಗೋಡೆಗಳ ಮೇಲಿರುವ ಬರಹವನ್ನೆಲ್ಲ ನಕಲು ಮಾಡಿಕೊಳ್ಳೋಣ: ಮುಖ್ಯೋಪಾಧ್ಯಾಯರ ಹೆಸರಿನ ಹಲಗೆ, ಬಾಗಿಲಿನ ಮೇಲಿನ ಸುಣ್ಣದ ಅಕ್ಷರ, ಕಪಾಟಿನಲ್ಲಿ ಹುಳು ಹಿಡಿಯುತ್ತಿರುವ ದಾಖಲಾತಿ ಪುಸ್ತಕಗಳು. ಈ ಊರಿನಲ್ಲಿ ಮೊದಲ ಸಲ ಶಾಲೆಗೆ ಬಂದ ಹೆಣ್ಣುಮಕ್ಕಳ ಹೆಸರುಗಳು, ಬೇಸಾಯದವರ, ನೇಯುವವರ, ಚಪ್ಪಲಿ ಹೊಲಿಯುವವರ ಮನೆಗಳಿಂದ ಬಂದ ಮೊದಲ ಮಕ್ಕಳ ಹೆಸರುಗಳು ಬೇರೆಲ್ಲಿಯೂ ಸಿಗವು.

ಮಕ್ಕಳೆ, ಕೊನೆಯ ಮಾತು ನಿಮಗೆ. ಉತ್ತರಮೇರೂರಿನ ಮಂಟಪದಲ್ಲಿ ಕೊಡಕ್ಕೆ ಕೈಹಾಕಿದ ಬಾಲಕ ನಿಮ್ಮ ವಯಸ್ಸಿನವನೋ ನಿಮಗಿಂತ ಚಿಕ್ಕವನೋ ಆಗಿದ್ದಿರಬೇಕು. ಅವನ ಹೆಸರನ್ನು ಶಾಸನ ಹೇಳುವುದಿಲ್ಲ. ಒಳಗಿರುವುದು ಅವನಿಗೆ ತಿಳಿಯದೆಂಬುದೇ ಅವನ ಯೋಗ್ಯತೆಯಾಗಿತ್ತು. ಆ ಕಾಲಕ್ಕೆ ಅದು ಸರಿಯಾದ ಉಪಾಯವೇ. ಆದರೆ ಶಾಲೆಯೊಂದು ನೂರು ವರ್ಷ ಬಾಳಿದ್ದು ಅದೇ ಮಗುವಿಗೆ ಓಲೆಯನ್ನು ಓದಲು ಕಲಿಸುವುದಕ್ಕಾಗಿ. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ, 21 ವರ್ಷ ತುಂಬಿದ ಯಾರಾದರೂ ಪಂಚಾಯಿತಿಗೆ ನಿಲ್ಲಬಹುದು. ಭೂಮಿಯನ್ನು ಕೇಳುವವರಿಲ್ಲ, ಕುಲವನ್ನು ಕೇಳುವವರಿಲ್ಲ. ಹೆಣ್ಣುಮಕ್ಕಳಿಗೆ ಮೂರರಲ್ಲೊಂದು ಪಾಲಿಗೆ ಕಡಿಮೆಯಿಲ್ಲದಷ್ಟು ಸ್ಥಾನ. ತಮಿಳುನಾಡು ಅದನ್ನು ಅರ್ಧಕ್ಕೆ ಏರಿಸಿದೆ. ನಿಮ್ಮ ಹೆಸರು ಈಗ ಆ ಕೊಡದೊಳಗಿದೆ. ಈ ಭವನ ಎದ್ದು ನಿಂತ ಮೇಲೆ ಅದರ ಗೋಡೆಯ ಮುಂದೆ ನಿಂತು, ಬರೆದದ್ದನ್ನು ಗಟ್ಟಿಯಾಗಿ ಓದಿ. ಬರೆದಂತೆ ನಡೆಯುತ್ತಿಲ್ಲವೆಂದು ಕಂಡರೆ, ಹಿರಿಯರನ್ನು ವಿನಯದಿಂದ ಕೇಳಿ. ನಾವು ಉತ್ತರ ಹೇಳಬೇಕು.